ಟೋಕಿಯೊದಲ್ಲಿ ಕುಸ್ತಿ, ಭಾವನ ಜೊತೆ

ಜಪಾನಿನ ಕುಸ್ತಿ ಅಭಿಮಾನಿಗಳಿಗೆ ಜನವರಿ 4 ಅಂದರೆ ಹಬ್ಬ. 1992ರಿಂದ ಪ್ರತಿ ವರ್ಷ ಅವತ್ತು ಟೋಕಿಯೊ ಡೋಮ್‌ನಲ್ಲಿ ದೊಡ್ಡ ಶೋ ಇದ್ದೇ ಇರುತ್ತದೆ. ವಾರ ಯಾವುದಾದರೂ ಬರಲಿ, ತಾರೀಖು ಮಾತ್ರ ಬದಲಾಗುವುದಿಲ್ಲ. 2024ರಲ್ಲಿ ಗುರುವಾರ ಬಿತ್ತು. ಆ ಶೋ ನಡೆಸುವ ಕಂಪನಿ ನ್ಯೂ ಜಪಾನ್ ಪ್ರೋ ರೆಸ್ಲಿಂಗ್‌ನವರ ಪಟ್ಟಿಯಲ್ಲಿ ಕಜುಚಿಕಾ ಒಕಾಡಾ ವಿರುದ್ಧ ಬ್ರಯನ್ ಡೇನಿಯಲ್ಸನ್ ಅಂತ ನೋಡಿದವನೇ ರಜೆ ಹಾಕಿದೆ. ಅಕ್ಕ ಭಾವ ಇರುವುದು ಟೋಕಿಯೊದ ನಿಶಿ ಕಸಾಯ್‌ನಲ್ಲಿ. ನಮ್ಮ ದೇಶದ ಜನ ಜಾಸ್ತಿ ಇರುವ ಬಡಾವಣೆ ಅದು. ಬೆಂಗಳೂರಿನಿಂದ ನರಿತಾಗೆ ನೇರ ವಿಮಾನವೂ ಇದೆ. ಇನ್ನೇನು ಬೇಕು?

"ಇಷ್ಟು ದುಡ್ಡು ಸುರಿದು ಸುಳ್ಳು ಹೊಡೆದಾಟ ನೋಡೋಕೆ ಬಂದ್ಯೇನೋ?" ಅಂದರು ಭಾವ, ವಿಮಾನ ನಿಲ್ದಾಣದಲ್ಲೇ.

ಅವರು ದಾವಣಗೆರೆಯವರು. ಅವರ ತಾತ ಗರಡಿಯಲ್ಲಿ ಮಣ್ಣು ಹೊತ್ತ ಪೈಲ್ವಾನರು. ಒಬ್ಬ ಚಿತ್ ಆಗುವವರೆಗೂ ನಡೆಯುವ ಜಂಗಿ ನಿಕಾಲಿ ಕುಸ್ತಿ ನೋಡಿ ಬೆಳೆದವರಿಗೆ ಟಿವಿಯಲ್ಲಿ ಡಬ್ಲ್ಯೂಡಬ್ಲ್ಯೂಎಫ್ (ಈಗಿನ ಡಬ್ಲ್ಯೂಡಬ್ಲ್ಯೂಇ) ನೋಡಿದ ನಮ್ಮ ತಲೆಮಾರಿನ ಮೇಲೆ ಒಂಥರಾ ಕನಿಕರ. ನಾವೋ, ಪೈಲ್ವಾನರ ಚಿತ್ರದ ಟ್ರಂಪ್ ಕಾರ್ಡ್ ಹಿಡಿದು ಎತ್ತರ, ತೂಕ, ರ‍್ಯಾಂಕ್ ಕೂಗಿ ಜಗಳವಾಡಿದವರು. ಅಂಡರ್‌ಟೇಕರ್ ಸತ್ತು ಸತ್ತು ಎದ್ದು ಬರ್ತಾನೆ ಅಂತ ಶಾಲೆಯಲ್ಲಿ ಆಣೆ ಮಾಡಿ ಹೇಳಿದವರು. ಯಾರು ಗೆಲ್ಲಬೇಕು ಅನ್ನುವುದು ಮೊದಲೇ ತೀರ್ಮಾನ ಆಗಿರುತ್ತದೆ ಅಂತ ಈಗ ನನಗೂ ಗೊತ್ತು. ಯಕ್ಷಗಾನದಲ್ಲಿ ಕೀಚಕ ಸಾಯ್ತಾನೆ ಅಂತ ಗೊತ್ತಿದ್ದೂ ಜನ ಬೆಳಗಿನವರೆಗೆ ಕೂರುತ್ತಾರಲ್ಲ? ಹೇಗೆ ಸಾಯ್ತಾನೆ ಅನ್ನುವುದೇ ಆಟ. ಭಾವನಿಗೆ ಇದನ್ನೇ ಹೇಳಿದೆ. "ಕೀಚಕನ ಪಾತ್ರಧಾರಿ ಬೆಲ್ಟ್ ಕಟ್ಟಿಕೊಂಡು ಚಾಂಪಿಯನ್ ಅಂತ ಹೇಳ್ಕೊಳ್ಳಲ್ಲ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕುಸ್ತಿ ನೋಡುವುದರಲ್ಲಿ ನನ್ನದು ಒಂದೇ ಹಟ. ಬಿದ್ದ ಪೆಟ್ಟನ್ನು ಪೈಲ್ವಾನ ಮರೆಯಬಾರದು. ಹತ್ತು ನಿಮಿಷ ಕಾಲು ತಿರುಚಿಸಿಕೊಂಡು ಒದ್ದಾಡಿದವನು ಹನ್ನೊಂದನೇ ನಿಮಿಷಕ್ಕೆ ಹಗ್ಗ ಹತ್ತಿ ಪಲ್ಟಿ ಹೊಡೆದರೆ ನನಗೆ ಅಲ್ಲಿಗೇ ಮ್ಯಾಚ್ ಮುಗಿದಂತೆ.

ಹೊಸ ವರ್ಷದ ದಿನ ಇಕೆಗಾಮಿಯ ಹೊನ್ಮೊಂಜಿ ದೇವಾಲಯಕ್ಕೆ ಹೋದೆವು. ವರ್ಷದ ಮೊದಲ ದರ್ಶನಕ್ಕೆ ಬಂದವರು ಮೆಟ್ಟಿಲ ತುಂಬಾ ಸಾಲುಗಟ್ಟಿದ್ದರು. ನಾನು ಹೋಗಿದ್ದು ಸಮಾಧಿ ನೋಡಲು. ಐದು ಅಂತಸ್ತಿನ ಹಳೇ ಪಗೋಡದ ಆಚೆ, ಗೋರಿಗಳ ನಡುವೆ, ಕೈ ಕಟ್ಟಿ ನಿಂತ ಎದೆಮಟ್ಟದ ಕಂಚಿನ ವಿಗ್ರಹ ಇದೆ. ರಿಕಿಡೋಜಾನ್. ಕೊರಿಯಾದಲ್ಲಿ ಹುಟ್ಟಿ, ಸುಮೋ ಆಡಿ, ಅದನ್ನು ಬಿಟ್ಟು 1950ರ ದಶಕದಲ್ಲಿ ಜಪಾನಿಗೆ ಪ್ರೋ ರೆಸ್ಲಿಂಗ್ ಹುಚ್ಚು ಹಿಡಿಸಿದವನು. ಯುದ್ಧ ಸೋತ ದೇಶದ ಜನ ಬೀದಿಯಲ್ಲಿಟ್ಟ ಟಿವಿಗಳ ಮುಂದೆ ಗುಂಪುಗೂಡಿ, ಇವನು ಅಮೆರಿಕದವರ ಎದೆಗೆ ಕೈಯಂಚಿನಿಂದ ಹೊಡೆಯುವುದನ್ನು ನೋಡಿ ಕುಣಿದರಂತೆ. 1963ರಲ್ಲಿ ನೈಟ್‌ಕ್ಲಬ್ಬಿನಲ್ಲಿ ಚೂರಿ ಇರಿತವಾಗಿ, ಕೆಲವೇ ದಿನಗಳಲ್ಲಿ ತೀರಿಕೊಂಡ.

"ನಮ್ಮ ದಾರಾ ಸಿಂಗ್ ಕೂಡ 1955ರಲ್ಲಿ ಇಲ್ಲಿಗೆ ಬಂದು ಇವನ ಜೊತೆ ಆಡಿದ್ರು ಭಾವ" ಅಂದೆ. ಅಲ್ಲಿಯವರೆಗೆ ಫೋನು ನೋಡುತ್ತಿದ್ದವರು ತಲೆ ಎತ್ತಿದರು. "ಹನುಮಂತನ ಪಾರ್ಟು ಮಾಡಿದ್ರಲ್ಲ, ಅವ್ರಾ?" ಹನುಮಂತ ಬಂದ ಮೇಲೆ ಕುಸ್ತಿಗೆ ಸ್ವಲ್ಪ ಮರ್ಯಾದೆ ಸಿಕ್ಕಿತು.

ಅವತ್ತೇ ಸಂಜೆ ನಾಲ್ಕು ದಾಟಿದ್ದಷ್ಟೇ, ಮನೆಯ ದೀಪ ತೂಗಾಡಿತು. ಪಶ್ಚಿಮ ಕರಾವಳಿಯ ನೋಟೋ ಕಡೆ 7.6ರ ಭೂಕಂಪ. ಟಿವಿಯಲ್ಲಿ ಸುದ್ದಿ ಓದುವ ಹೆಣ್ಣುಮಗಳು "ಓಡಿ, ಈಗಲೇ ಓಡಿ" ಅಂತ ಕೂಗುತ್ತಿದ್ದಳು. ಜಪಾನಿ ಬಾರದ ನನಗೂ ಅರ್ಥವಾಯಿತು. ಮಾರನೇ ದಿನ ಟೋಕಿಯೊದ ಹನೆಡಾ ನಿಲ್ದಾಣದಲ್ಲಿ ವಿಮಾನ ಹೊತ್ತಿ ಉರಿಯಿತು. ಊರಿನಿಂದ ಅಮ್ಮನ ಫೋನಿನ ಮೇಲೆ ಫೋನು. ಇಂಥ ಹೊತ್ತಲ್ಲಿ ಕುಸ್ತಿ ಟಿಕೆಟ್ ಬಗ್ಗೆ ಮಾತಾಡಲು ನನಗೇ ಸಂಕೋಚ. ಶೋಗಳೇನೋ ನಿಲ್ಲಲಿಲ್ಲ.

ಡೋಮ್‌ಗಿಂತ ಮೊದಲು ಕೊರಾಕುಯೆನ್ ಹಾಲ್. ಸುಯಿದೊಬಾಶಿ ಸ್ಟೇಷನ್ನಿನಲ್ಲಿ ಇಳಿದು ಸೇತುವೆ ದಾಟಿದರೆ ಡೋಮ್ ಎದುರಿಗೇ ಕಾಣುತ್ತದೆ. ಕೊರಾಕುಯೆನ್ ಅದರ ಪಕ್ಕದ ಕಟ್ಟಡದ ಐದನೇ ಮಹಡಿ. 1962ರಿಂದ ಇದೆ. ಬಾಕ್ಸಿಂಗ್, ಕುಸ್ತಿ ಎರಡೂ ನಡೆಯುತ್ತವೆ. ಕಿಕ್ಕಿರಿದರೂ ಸುಮಾರು ಎರಡು ಸಾವಿರ ಜನ ಅಷ್ಟೇ. ಲಿಫ್ಟಿಗೆ ನಿಲ್ಲದೆ ಮೆಟ್ಟಿಲು ಹತ್ತಬೇಕು ಅಂತ ನಾನು ಹಟ ಹಿಡಿದೆ, ಆ ಗೋಡೆಗಳನ್ನು ನೋಡಬೇಕಿತ್ತು. ಮೂಲೆ ಮೂಲೆಯಲ್ಲೂ ಅಭಿಮಾನಿಗಳ ಬರಹ. ಹೆಸರು, ತಾರೀಖು, ಬೈಗುಳ, ಮುಖವಾಡದ ಚಿತ್ರ. ಇಡೀ ಟೋಕಿಯೊದಲ್ಲಿ ಗೋಡೆ ಮೇಲೆ ಗೀಚಿದ್ದನ್ನು ನಾನು ಇಷ್ಟು ಜಾಸ್ತಿ ನೋಡಿದ್ದು ಇಲ್ಲೇ. ಅದೂ ಬೇಜಾರಾಗುವಂತೆ ಅಲ್ಲ, ಓದುತ್ತಾ ಹತ್ತುವಂತೆ. ಐದು ಮಹಡಿ ಹತ್ತಿಸಿದ್ದಕ್ಕೆ ಭಾವ ನನಗೆ ಬೈದದ್ದು ಗೋಡೆಯ ಮೇಲಿದ್ದ ಬೈಗುಳಕ್ಕಿಂತ ಕಮ್ಮಿಯೇನೂ ಇರಲಿಲ್ಲ ಅನ್ನಿ.

ಅಲ್ಲಿ ನೋಡಿದ್ದು ಆಲ್ ಜಪಾನ್ ಕಂಪನಿಯ ಹೊಸ ವರ್ಷದ ಶೋ. ಜೈಂಟ್ ಬಾಬಾ 1972ರಲ್ಲಿ ಕಟ್ಟಿದ ಕಂಪನಿ ಇದು. ಅದೇ ವರ್ಷ ಅಂಟೋನಿಯೊ ಇನೋಕಿ ನ್ಯೂ ಜಪಾನ್ ಕಟ್ಟಿದ. ಇಬ್ಬರೂ ರಿಕಿಡೋಜಾನ್ ಶಿಷ್ಯರು. ಮುಖ್ಯ ಪಂದ್ಯ ಆ ಕಂಪನಿಯ ಅತಿ ದೊಡ್ಡ ಪಟ್ಟ ಟ್ರಿಪಲ್ ಕ್ರೌನ್‌ಗೆ. ಚಾಂಪಿಯನ್ ಕಟ್ಸುಹಿಕೊ ನಕಾಜಿಮಾ, ಎದುರಾಳಿ ಚಾರ್ಲಿ ಡೆಂಪ್ಸಿ. ಡೆಂಪ್ಸಿ ಅಂದರೆ ಡಬ್ಲ್ಯೂಡಬ್ಲ್ಯೂಇಯ ಹಳೇ ಪೈಲ್ವಾನ ವಿಲಿಯಂ ರೀಗಲ್ ಮಗ. ಡಬ್ಲ್ಯೂಡಬ್ಲ್ಯೂಇ ತನ್ನ ಹುಡುಗನನ್ನು ಬೇರೆ ಕಂಪನಿಯ ರಿಂಗಿಗೆ ಕಳಿಸುವುದು ಆಗ ತೀರಾ ಅಪರೂಪದ ಮಾತು. ಮುಖದಲ್ಲಿ ಅಪ್ಪನ ಗತ್ತು ಇನ್ನೂ ಬಂದಿಲ್ಲ, ಕೈಯಲ್ಲಿ ಮಾತ್ರ ಬಂದಿದೆ. ಹಾರುವುದಿಲ್ಲ, ಕೂಗುವುದಿಲ್ಲ. ಮಣಿಕಟ್ಟು ಹಿಡಿದರೆ ಬಿಡುವುದಿಲ್ಲ.

ಇನ್ನು ನಕಾಜಿಮಾನ ಒದೆ. ಟಿವಿಯಲ್ಲಿ ಆ ಸದ್ದು ಗೊತ್ತಾಗುವುದೇ ಇಲ್ಲ. ಎದೆಗೆ ಬಿದ್ದ ಒದೆ ಪಟ್ ಅಂತ ಹಾಲಿನ ಹಿಂದಿನ ಗೋಡೆಯವರೆಗೆ ಕೇಳುತ್ತದೆ. ಎರಡು ಕ್ಷಣ ಎಲ್ಲರೂ ಸುಮ್ಮನಾಗಿ, ಆಮೇಲೆ "ಓ" ಅನ್ನುತ್ತಾರೆ. ಡೆಂಪ್ಸಿಯ ಎದೆ ಕೆಂಪಗಾಗುವುದು ನಮ್ಮ ಸೀಟಿಗೇ ಕಾಣುತ್ತಿತ್ತು. ಭಾವ ಮೆಲ್ಲಗೆ, "ಇದನ್ನ ಸುಳ್ಳು ಅಂತ ಹೆಂಗೋ ಹೊಡೀತಾರೆ?" ಅಂದರು. ಗೆದ್ದಿದ್ದು ನಕಾಜಿಮಾ. ಆಗ ಅವನು ಇನೋಕಿಯನ್ನು ಅನುಕರಿಸುತ್ತಿದ್ದದ್ದು ನನಗೆ ಅಷ್ಟು ಹಿಡಿಸಲಿಲ್ಲ. ಅದೂ ಬಾಬಾ ಕಟ್ಟಿದ ಮನೆಯಲ್ಲಿ ನಿಂತು. ಒದೆಗೆ ಮಾತ್ರ ನಮಸ್ಕಾರ.

ನಾಲ್ಕನೇ ತಾರೀಖು ಡೋಮ್. 1988ರಲ್ಲಿ ತೆರೆದದ್ದು. ಬಿಳಿ ಛಾವಣಿಯನ್ನು ಒಳಗಿನ ಗಾಳಿಯ ಒತ್ತಡವೇ ಎತ್ತಿ ಹಿಡಿದಿರುತ್ತದೆ. ಅದಕ್ಕೇ ಒಳಗೆ ಹೋಗಲು ತಿರುಗುವ ಬಾಗಿಲು. ಜಾಗ ವಿಪರೀತ ದೊಡ್ಡದು. ಅವತ್ತು ಬಂದವರು 27,422 ಮಂದಿ, ಆದರೂ ಮೇಲಿನ ಅಂತಸ್ತು ಬಿಕೋ ಅನ್ನುತ್ತಿತ್ತು. 2020ರ ಜನವರಿ 4ಕ್ಕೆ ಇಲ್ಲೇ ನಲವತ್ತು ಸಾವಿರ ದಾಟಿತ್ತು. ಕೊರೊನಾ ಕಾಲದಲ್ಲಿ ಬರೀ ಚಪ್ಪಾಳೆ ತಟ್ಟಬೇಕು, ಬಾಯಿ ಬಿಡುವ ಹಾಗಿಲ್ಲ ಅಂತ ನಿಯಮ ಇತ್ತು. ಹೋದವರೆಲ್ಲ ಆಗಿನ್ನೂ ಮರಳಿರಲಿಲ್ಲ.

ಮೊದಲರ್ಧವನ್ನು ಬೇಗ ಹೇಳಿ ಮುಗಿಸುತ್ತೇನೆ. ಟ್ಯಾಗ್ ಅಂದರೆ ಜೋಡಿ ಪಂದ್ಯಗಳು ಬಂದವು, ಹೋದವು. ಎಲ್ ಡೆಸ್ಪೆರಾಡೊ ಹಿರೋಮು ತಕಾಹಾಶಿಯನ್ನು ಸೋಲಿಸಿ ಕಮ್ಮಿ ತೂಕದವರ ಜೂನಿಯರ್ ಬೆಲ್ಟ್ ಗೆದ್ದಿದ್ದು ಚೆನ್ನಾಗಿತ್ತು. ಹಿರೋಶಿ ತನಾಹಾಶಿ ಜ್ಯಾಕ್ ಸೇಬರ್ ಜೂನಿಯರ್ ವಿರುದ್ಧ ಟಿವಿ ಪಟ್ಟ ಗೆದ್ದ. ತನಾಹಾಶಿ ಡಿಸೆಂಬರಿನಲ್ಲಷ್ಟೇ ಕಂಪನಿಯ ಅಧ್ಯಕ್ಷನಾಗಿದ್ದ! ಸೇಬರ್ ಅಷ್ಟರಲ್ಲಿ ಎಲ್ಲ ರೀತಿಯಲ್ಲೂ ಮೇಲಾಗಿದ್ದ. ತನಾಹಾಶಿಯ ಮೊಣಕಾಲು ಸವೆದು ಹೋಗಿತ್ತು, ಓಡುವಾಗಲೇ ಗೊತ್ತಾಗುತ್ತಿತ್ತು. ಆದರೂ ಅವನು ಗಿಟಾರ್ ನುಡಿಸುವವನಂತೆ ನಿಂತರೆ ಜನ ಕರಗಿ ಹೋಗುತ್ತಿದ್ದರು. ಅದಕ್ಕೆ ಮದ್ದಿರಲಿಲ್ಲ.

ಮೂವರ ಪಂದ್ಯದ ಬಗ್ಗೆ ನನ್ನ ಮಾತು ಕೆಲವರಿಗೆ ಸಿಟ್ಟು ತರಿಸಬಹುದು. ವಿಲ್ ಆಸ್ಪ್ರೆ, ಜಾನ್ ಮಾಕ್ಸ್ಲಿ, ಡೇವಿಡ್ ಫಿನ್ಲೆ. ಹಳೇ ಬೆಲ್ಟನ್ನು ಫಿನ್ಲೆ ಸುತ್ತಿಗೆಯಿಂದ ಕುಟ್ಟಿ ಪುಡಿ ಮಾಡಿದ್ದರಿಂದ ಗ್ಲೋಬಲ್ ಅಂತ ಹೊಸ ಬೆಲ್ಟ್ ಮಾಡಿಸಿದ್ದರು. ಮೇಜು ಮುರಿದರು, ಕುರ್ಚಿ ಬೀಸಿದರು. ಆಸ್ಪ್ರೆಯಂಥ ದೇಹ ಇನ್ನೊಬ್ಬನಿಗಿಲ್ಲ, ಒಪ್ಪುತ್ತೇನೆ. ಗಾಳಿಯಲ್ಲಿ ಅವನು ಮಾಡುವುದನ್ನು ನೆಲದ ಮೇಲೆ ಮಾಡಲೂ ಬೇರೆಯವರಿಗೆ ಆಗದು. ಆದರೆ ಅವನಿಗೆ ನೋವು ನೆನಪಿರುವುದಿಲ್ಲ. ಸತ್ತಂತೆ ಬಿದ್ದವನು ಅರ್ಧ ನಿಮಿಷಕ್ಕೆ ಸ್ಪ್ರಿಂಗಿನ ಹಾಗೆ ಏಳುತ್ತಾನೆ. ಅವನು ಅಮೆರಿಕದ ಎಇಡಬ್ಲ್ಯೂ ಅನ್ನುವ ಕುಸ್ತಿ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡಾಗಿತ್ತು, ಹಾಗಾಗಿ ಗೆಲ್ಲುವುದು ಫಿನ್ಲೆ ಅಂತ ಎಲ್ಲರೂ ಲೆಕ್ಕ ಹಾಕಿದ್ದರು. ಹಾಗೇ ಆಯಿತು. ಭಾವ ಮಾತ್ರ ಮೇಜು ಮುರಿದಾಗ ಎದ್ದು ನಿಂತು ಶಿಳ್ಳೆ ಹೊಡೆದರು. ಪಕ್ಕದ ಸೀಟಿನ ಅಜ್ಜಿ ಬಗ್ಗಿ ನೋಡಿ ನಕ್ಕರು.

ಇನ್ನು ಡೇನಿಯಲ್ಸನ್. ನಮ್ಮೂರಿನ ಟಿವಿಯಲ್ಲಿ ಡೇನಿಯಲ್ ಬ್ರಯನ್ ಅಂತ ನೋಡಿದ್ದೇವಲ್ಲ, ಗಡ್ಡದ ಪುಟ್ಟ ಮನುಷ್ಯ, ಅವನೇ. 2023ರ ಜೂನ್‌ನಲ್ಲಿ ಟೊರಾಂಟೊದಲ್ಲಿ ಇವರಿಬ್ಬರು ಮೊದಲ ಸಲ ಎದುರಾಗಿದ್ದರು. ಅವತ್ತು ಪಂದ್ಯದ ನಡುವೆಯೇ ಡೇನಿಯಲ್ಸನ್‌ನ ಮುಂಗೈ ಮೂಳೆ ನಿಜವಾಗಿಯೂ ಮುರಿಯಿತು. ಮುರಿದ ಕೈಯಲ್ಲೇ ಒಕಾಡಾನಿಂದ ಸೋಲೊಪ್ಪಿಸಿದ. ಒಕಾಡಾ ಪಟ್ಟಿನಲ್ಲಿ ಸಿಕ್ಕಿ ನೆಲ ತಟ್ಟುವುದೇ ಅಪರೂಪ. ಟೋಕಿಯೊ ಪಂದ್ಯದ ಕಥೆಯೆಲ್ಲ ಆ ಮುರಿದ ಕೈಯ ಸೇಡಿನಲ್ಲೇ ಇತ್ತು.

ಒಕಾಡಾನ ಆಯುಧ ರೇನ್‌ಮೇಕರ್. ಎದುರಾಳಿಯನ್ನು ಹಿಂದಿನಿಂದ ಹಿಡಿದು, ಮಣಿಕಟ್ಟು ಬಿಡದೆ ಸರ‍್ರನೆ ತಿರುಗಿಸಿ ಎಳೆದು, ಕುತ್ತಿಗೆಗೆ ತೋಳು ಬೀಸುತ್ತಾನೆ. ಆ ತೋಳೇ ಕೆಟ್ಟರೆ ಬೀಸುವುದು ಯಾವುದನ್ನು? ಡೇನಿಯಲ್ಸನ್ ಅದಕ್ಕೇ ಕೈ ಹಾಕಿದ. ತಿರುಚಿದ, ತುಳಿದ, ಒದ್ದ. ಒಕಾಡಾ ಬಿಡಿಸಿಕೊಂಡ ಮೇಲೂ ಆ ಕೈಯನ್ನು ಮೈಗೆ ಒತ್ತಿಕೊಂಡೇ ಓಡಾಡಿದ. ಹೊಡೆದರೂ ತನಗೇ ನೋವು. ಎಲ್ಲೂ ಅವಸರವಿಲ್ಲ. ಇಷ್ಟು ದೊಡ್ಡ ಡೋಮ್ ನಿಧಾನಕ್ಕೆ ಕೊರಾಕುಯೆನ್ ಅಷ್ಟು ಚಿಕ್ಕದಾಗುತ್ತಾ ಬಂತು.

"ಕೈ ಬಿಡಿಸ್ಕೋ, ಕೈ ಬಿಡಿಸ್ಕೋ!" ಅಂತ ಕನ್ನಡದಲ್ಲಿ ಕೂಗಿದ್ದು ನಾನಲ್ಲ.

ಕೊನೆಗೆ ರೇನ್‌ಮೇಕರ್ ಬಿತ್ತು, ಮೂರು ಎಣಿಸಿದರು, ಒಕಾಡಾ ಗೆದ್ದ. ನನ್ನ ಲೆಕ್ಕದಲ್ಲಿ ಟೊರಾಂಟೊದ ಪಂದ್ಯಕ್ಕಿಂತ ಇದು ಒಂದು ತೂಕ ಹೆಚ್ಚು. ಅಲ್ಲಿ ಮೂಳೆ ಮುರಿದದ್ದು ಆಕಸ್ಮಿಕ. ಆ ಆಕಸ್ಮಿಕವನ್ನು ಇಲ್ಲಿ ಕಥೆ ಮಾಡಿದರು. ಇದಾಗಿ ಎರಡು ವಾರಕ್ಕೇ ಒಕಾಡಾ ಕಂಪನಿ ಬಿಡುತ್ತಾನೆ ಅಂತ ಸುದ್ದಿ ಬಂತು. ಅವತ್ತು ಡೋಮ್‌ನಲ್ಲಿ ಕೂತ ನಮಗೆ ಅದರ ಸುಳಿವೂ ಇರಲಿಲ್ಲ.

ಇದಾದ ಮೇಲೆ ಮುಖ್ಯ ಪಂದ್ಯಕ್ಕೆ ಕಷ್ಟ. ಸನಾಡಾ ಚಾಂಪಿಯನ್, ಟೆಟ್ಸುಯಾ ನೈತೊ ಸವಾಲು ಹಾಕಿದವನು. ಬರೀ ಕುಸ್ತಿಯಾಗಿ ನೋಡಿದರೆ ಸುಮಾರು. ಸನಾಡಾ ಚೆಂದದ ಆಟಗಾರ, ಆದರೆ ಮುಖದಲ್ಲಿ ಏನೂ ಓದಲು ಸಿಗುವುದಿಲ್ಲ. ನೈತೊಗೆ ಮೊಣಕಾಲೂ ಇಲ್ಲ, ಕಣ್ಣಿನ ತೊಂದರೆ ಬೇರೆ. ಆದರೆ ನೈತೊ ಹೊತ್ತು ತಂದ ನೋವು ಹತ್ತು ವರ್ಷ ಹಳೆಯದು. 2014ರ ಜನವರಿ 4ರಂದು ಇದೇ ಡೋಮ್‌ನಲ್ಲಿ ಅವನದ್ದು ಮುಖ್ಯ ಪಂದ್ಯ ಆಗಬೇಕಿತ್ತು. ಕಂಪನಿ ಅಭಿಮಾನಿಗಳ ಮತ ಕೇಳಿತು. ಜನ ನೈತೊ ಬೇಡ ಅಂದರು. ಅವನ ಪಂದ್ಯ ಕೆಳಗಿಳಿಯಿತು. ಮುಂದೆ ಮೆಕ್ಸಿಕೊಗೆ ಹೋಗಿ, ಯಾರನ್ನೂ ಲೆಕ್ಕಕ್ಕಿಡದ ಉಡಾಫೆ ಮನುಷ್ಯನಾಗಿ ಬಂದ. ಆಗ ಅದೇ ಜನ ಹೊತ್ತು ಕುಣಿದರು. 2020ರಲ್ಲಿ ಇಲ್ಲೇ ಗೆದ್ದು, ತನ್ನ ಗುಂಪಿನವರ ಹೆಸರು ಕೂಗಿ ಶೋ ಮುಗಿಸಬೇಕು ಅನ್ನುವಷ್ಟರಲ್ಲಿ ಕೆಂಟಾ ಅನ್ನುವ ಇನ್ನೊಬ್ಬ ಪೈಲ್ವಾನ ಹಿಂದಿನಿಂದ ಬಂದು ಬಡಿದು ಎಲ್ಲ ಕೆಡಿಸಿದ್ದ.

ಈ ಸಲವೂ ಗೆದ್ದ ಮೇಲೆ ಈವಿಲ್ ಅನ್ನುವವನ ಗುಂಪು ನುಗ್ಗಿತು. ಮತ್ತೆ ಅದೇ ಗತಿ ಅಂತ ಎದೆ ಧಸಕ್ ಅಂದಿತು. ಅವರನ್ನು ಓಡಿಸಿದ್ದು ಈಗಷ್ಟೇ ಸೋತ ಸನಾಡಾ. ಆಮೇಲೆ ನೈತೊ ಮೈಕ್ ಹಿಡಿದು ಒಬ್ಬೊಬ್ಬರ ಹೆಸರು ಕರೆದ, ಕೊನೆಗೆ ಗುಂಪಿನ ಹೆಸರನ್ನು ಇಡೀ ಡೋಮ್ ಅವನ ಜೊತೆ ಕೂಗಿತು. ಆಚೆ ಬರುವಾಗ ಒಳಗಿನ ಗಾಳಿ ಬಾಗಿಲಿನಿಂದ ಬೆನ್ನಿಗೆ ಗುದ್ದಿ ಹೊರಗೆ ತಳ್ಳಿತು. ಭಾವನ ಟೋಪಿ ಹಾರಿತು.

ಮಾರನೇ ದಿನ ಶಿಂಜುಕು. ಅಲ್ಲಿ ಇಸೆಟಾನ್ ಅನ್ನುವ ದೊಡ್ಡ ಅಂಗಡಿ ಇದೆ. 1973ರ ನವೆಂಬರ್‌ನಲ್ಲಿ ಹೆಂಡತಿ ಜೊತೆ ಶಾಪಿಂಗಿಗೆ ಬಂದ ಇನೋಕಿಯ ಮೇಲೆ ಅಂಗಡಿಯ ಮುಂದೆಯೇ ಟೈಗರ್ ಜೀತ್ ಸಿಂಗ್ ಬಿದ್ದು ಹೊಡೆದ. ಪಂಜಾಬಿನಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ ಸರ್ದಾರ, ರುಮಾಲು ಸುತ್ತಿ ಕತ್ತಿ ಹಿಡಿದು ರಿಂಗಿಗೆ ಬರುತ್ತಿದ್ದವನು. ನಡುಬೀದಿಯ ಜನ, ಪೊಲೀಸರು ಎಲ್ಲ ಗಾಬರಿಯಾದರು. ನಾಟಕವೋ ನಿಜವೋ ಅಂತ ಜಪಾನಿನಲ್ಲಿ ಇವತ್ತಿಗೂ ವಾದ ಮಾಡುತ್ತಾರೆ. ನನ್ನ ಪ್ರಕಾರ ಆಸ್ಪ್ರೆ ಹೊಡೆದ ಪಲ್ಟಿಗಳನ್ನೆಲ್ಲ ಒಟ್ಟು ಹಾಕಿದರೂ ಈ ಫುಟ್‌ಪಾತಿಗೆ ಸಮ ಬರುವುದಿಲ್ಲ.

ಅಲ್ಲಿಂದ ನಾಲ್ಕು ಹೆಜ್ಜೆಗೆ ನಕಮುರಾಯ ಅನ್ನುವ ಹೋಟೆಲು. 1915ರಲ್ಲಿ ಬ್ರಿಟಿಷರಿಂದ ತಪ್ಪಿಸಿಕೊಂಡು ಬಂದ ರಾಸ್ ಬಿಹಾರಿ ಬೋಸರಿಗೆ ಅಡಗಲು ಜಾಗ ಕೊಟ್ಟ ಮನೆಯವರು. ಬೋಸರು ಆ ಮನೆಯ ಅಳಿಯನೇ ಆದರು, 1927ರಿಂದ ಅವರು ಹೇಳಿಕೊಟ್ಟ ಕೋಳಿ ಸಾರು ಇಲ್ಲಿ ಸಿಗುತ್ತದೆ. ಮೂಳೆ ಸಮೇತ ತುಂಡು, ಖಾರ ಕಮ್ಮಿ, ಅನ್ನ ಬೇರೆ ತಟ್ಟೆಯಲ್ಲಿ. ಅಕ್ಕ ಮಾಡುವ ಸಾರಿನ ಮುಂದೆ ಏನೇನೂ ಅಲ್ಲ ಅಂತ ಭಾವ ಜೋರಾಗಿಯೇ ಹೇಳಿದರು, ಅಕ್ಕ ಎದುರಿಗೇ ಇದ್ದಳಲ್ಲ.

ಊಟದ ನಡುವೆ ಅವರಿಗೆ ನೈತೊ ನೆನಪಾದ. "ಒಕಾಡಾ ಕೈ ಸರಿ, ಒಪ್ಪಿದೆ. ಆದರೆ ನಿನ್ನ ನೈತೊ ಕುಂಟುತ್ತಾ ಗೆದ್ದನಲ್ಲ, ಅದು ಜಾಸ್ತಿಯಾಯ್ತು. ನಮ್ಮ ತಾತ ಆಗಿದ್ದರೆ ಅವನನ್ನ ಎರಡು ನಿಮಿಷಕ್ಕೆ ಚಿತ್ ಮಾಡ್ತಿದ್ರು."

"ನಿಮ್ಮ ತಾತ ಸುತ್ತಿಗೆ ತಗೊಂಡು ಬೆಲ್ಟ್ ಒಡೀತಿದ್ರಾ ಭಾವ?"

"ಅವರಿಗೆ ಸಿಗ್ತಾ ಇದ್ದಿದ್ದು ಬೆಳ್ಳಿ ಗದೆ ಕಣೋ. ಅದನ್ನ ಒಡೆದರೆ ಅಜ್ಜಿ ಬಿಡ್ತಿದ್ರಾ?"