ಪ್ರಾರ್ಥನೆ ಪುಸ್ತಕದೊಳಗಿನ ತೆನೆ

ತೆನೆ ಬಂದದ್ದು ಅಮ್ಮನ ಹಳೆಯ ಪ್ರಾರ್ಥನೆ ಪುಸ್ತಕದ ಹಾಳೆಗಳ ನಡುವೆ. ರಜೆ ಮುಗಿಸಿ ಮಂಗಳೂರಿನಿಂದ ಕತಾರಿನ ದೋಹಾಕ್ಕೆ ಮರಳಿದ ನೆರೆಮನೆಯ ಹುಡುಗ ಪುಸ್ತಕವನ್ನು ಕೈಗಿಟ್ಟು, 'ಆಶೀರ್ವಾದ ಇಲ್ಲಿಯೇ ಮಾಡಿಸಬೇಕಂತೆ' ಎಂದ. ಮೂರೇ ತೆನೆ, ಇನ್ನೂ ಅರೆ ಹಸಿರು.

2023ರ ಸೆಪ್ಟೆಂಬರ್ 8, ಮಂಗಳೂರಿನ ಕ್ಯಾಥೊಲಿಕರಾದ ನಮ್ಮ ಮೊಂತಿ ಫೆಸ್ತ್, ಮರಿಯಮ್ಮನ ಹುಟ್ಟಿದ ದಿನದ ಹೊಸ ತೆನೆಯ ಹಬ್ಬ, ಶುಕ್ರವಾರ ಬಿದ್ದಿತ್ತು. ಇಲ್ಲಿ ವಾರದ ರಜೆ ಅಂದೇ. ಮೆಸೈಮೀರ್‌ನಲ್ಲಿರುವ ಜಪಮಾಲೆ ಮಾತೆಯ ಇಗರ್ಜಿಗೆ ಹೊರಗಡೆ ಶಿಲುಬೆಯಿಲ್ಲ, ಗಂಟೆಯೂ ಇಲ್ಲ. 2008ರಲ್ಲಿ ತೆರೆದಾಗಿನಿಂದ ಹೀಗೆಯೇ. ಮೊದಲ ಸಲ ಬಂದವರು ಗೋದಾಮು ಎಂದುಕೊಂಡರೆ ತಪ್ಪಿಲ್ಲ. ಒಳಗೆ ಮಕ್ಕಳು ಪ್ಲಾಸ್ಟಿಕ್ ಚೀಲದಿಂದ ಗುಲಾಬಿ ಎಸಳು ತೆಗೆದು ಬಾಲ ಮರಿಯಮ್ಮನ ಪಾದಕ್ಕೆ ಎಸೆಯುತ್ತಿದ್ದರು. ನಾವು ಚಿಕ್ಕವರಿದ್ದಾಗ ಹಬ್ಬಕ್ಕೆ ಮುಂಚಿನ ಒಂಬತ್ತು ದಿನವೂ ಪಕ್ಕದ ಮನೆಯ ಬೇಲಿಯಿಂದ ದಾಸವಾಳ, ಗೋರಂಟೆ ಕದ್ದೇ ಒಯ್ಯುತ್ತಿದ್ದೆವು; ಕದ್ದ ಹೂವನ್ನು ಮರಿಯಮ್ಮ ಬೇಡವೆಂದದ್ದಿಲ್ಲ.

ಕಂಪನಿಯಲ್ಲಿ ಮೂರು ತಿಂಗಳಿಂದ ಸಂಬಳವಾಗಿರಲಿಲ್ಲ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ 'ಅನುದಿನದ ಆಹಾರ' ಎಂಬಲ್ಲಿಗೆ ಬಂದಾಗ ನನ್ನ ನಾಲಿಗೆ ತಡವರಿಸಿತು. ಇಷ್ಟು ವರ್ಷ ಬಾಯಿಪಾಠವಾಗಿದ್ದ ಮಾತು ಅಂದು ನಿಜವಾಗಿ ಕೇಳಿಕೊಂಡಂತಾಯಿತು. 1784ರಲ್ಲಿ ಟಿಪ್ಪುವಿನ ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ನಡೆದ ನಮ್ಮ ಹಿರಿಯರಲ್ಲಿ ಬದುಕುಳಿದವರು ಊರಿನ ದಾರಿ ಹಿಡಿದದ್ದು 1799ರಲ್ಲಿ. ಅಜ್ಜಿ ಇದನ್ನು ನಿನ್ನೆ ನಡೆದದ್ದೆಂಬಂತೆ ಹೇಳುತ್ತಿದ್ದಳು. ಹದಿನೈದು ವರ್ಷದ ಮುಂದೆ ನನ್ನ ಮೂರು ತಿಂಗಳು! ನಾಚಿಕೆಯಾಯಿತು, ಎದೆಯೂ ಸ್ವಲ್ಪ ಹಗುರಾಯಿತು. ಸಂಬಳ ಮಾತ್ರ ಮರುದಿನವೂ ಬರಲಿಲ್ಲ.

ಪೂಜೆ ಮುಗಿದ ಮೇಲೆ ಪಾದ್ರಿಗಳು ನನ್ನ ಮೂರು ತೆನೆಗಳ ಮೇಲೂ ತೀರ್ಥ ಚಿಮುಕಿಸಿದರು.

ಕೋಣೆಯಲ್ಲಿ ನಾವು ನಾಲ್ವರು. ಹೊಸ ಅಕ್ಕಿಯನ್ನು ಸುಲಿದು ತೆಂಗಿನಹಾಲಿಗೆ ಹಾಕುವುದು ಮನೆಯ ಹಿರಿಯನ ಕೆಲಸ. ಇಲ್ಲಿ ಹಿರಿಯರೆಂದರೆ ಕುಂದಾಪುರದ ಶೆಟ್ಟರು. 'ನಾನು ಮಾಡಬಹುದೇ ಮಾರಾಯ?' ಎಂದರು. 'ನಿಮ್ಮಲ್ಲೂ ಕದಿರು ಕಟ್ಟುತ್ತೀರಲ್ಲ ಶೆಟ್ಟರೇ' ಎಂದೆ. ಅವರು ಕೈತೊಳೆದು, ಕನ್ನಡಕ ಹಣೆಗೇರಿಸಿ, ಒಂದೊಂದೇ ಕಾಳನ್ನು ಉಗುರಿನಲ್ಲಿ ಸೀಳಿದರು. ಒಳಗೆ ಗಟ್ಟಿಯಾಗುತ್ತಿದ್ದ ಎಳೆ ಅಕ್ಕಿ. ಒಂದೆರಡು ಕಾಳು ಒತ್ತಿದರೆ ಹಾಲು ಹನಿಸಿದವು. ತಲೆಗೆ ಮೂರರಂತೆ ಹನ್ನೆರಡು. ಡಬ್ಬಿಯ ತೆಂಗಿನಹಾಲಿಗೆ ಬೆಲ್ಲ ಕದಡಿ, ಅದರಲ್ಲಿ ಕಾಳು ಹಾಕಿ, ಸ್ಟೀಲ್ ಲೋಟಗಳಿಗೆ ಹೊಯ್ದರು. ನಾನು ಪ್ರಾರ್ಥನೆ ಹೇಳಿದೆ. ಅವರು ಕಣ್ಣುಮುಚ್ಚಿ ನಿಂತಿದ್ದರು. ಉಳಿದೊಂದು ತೆನೆಯನ್ನು ನನ್ನನ್ನು ಕೇಳದೆಯೇ ಫ್ರಿಜ್ಜಿನ ಹಿಡಿಗೆ ಕಟ್ಟಿದರು. ಅದರೊಳಗೆ ಹಿಂದಿನ ದಿನದ ಬಂಗುಡೆ ಸಾರಿತ್ತು. ಅಂದು ಯಾರೂ ಅದನ್ನು ಮುಟ್ಟಲಿಲ್ಲ.

ಊಟ ಸಸ್ಯಾಹಾರ, ಪದಾರ್ಥಗಳ ಲೆಕ್ಕ ಬೆಸವಾಗಿರಬೇಕು. ಕೆಸು ಸಿಗಲಿಲ್ಲ. ಬೆಂಡೆ, ಹೀರೆ, ಗೇರುಬೀಜ ಹಾಕಿದ ತೊಂಡೆಕಾಯಿ, ಸೌತೆ ಸಾರು, ಹೆಸರುಬೇಳೆಯ ವೊರ್ನ್ ಎಂಬ ಪಾಯಸ ಆದವು. ಬಾಳೆಲೆಯ ಬದಲು ಕಾಗದದ ತಟ್ಟೆ.

ರಾತ್ರಿ ಅಮ್ಮ ಫೋನಿನಲ್ಲಿ ಮೊದಲು ಕೇಳಿದ್ದು, 'ಎಷ್ಟು ಬಗೆ ಮಾಡಿದಿರಿ?'

'ಏಳು,' ಎಂದೆ.

ಅಮ್ಮ ಒಂದೊಂದೇ ಹೆಸರು ಹೇಳಿಸಿದಳು. 'ಹಪ್ಪಳ, ಉಪ್ಪಿನಕಾಯಿ ಲೆಕ್ಕಕ್ಕಿಲ್ಲ ಪುತಾ,' ಎಂದಳು. 'ಐದೇ ಆಯಿತು. ಅದೂ ಬೆಸವೇ, ಸಾಕು.'