ವಾಲ್ಯೂಮ್ ಪಕ್ಕದ ಬಿಳಿ ಗೆರೆ

ಭೌತಶಾಸ್ತ್ರದ ಮೇಷ್ಟ್ರು ಹೋದ ಸುದ್ದಿ ಬಂದ ದಿನ ನಮ್ಮ ತಂಡದವರೆಲ್ಲ ನೆನೆಸಿಕೊಂಡದ್ದು ಅವರ ಒಂದು ವಾರದ ಪಾಠವನ್ನು. 1984ರ ಅಕ್ಟೋಬರಿನಲ್ಲಿ ಡಚ್ಚರ ಸೈಮನ್ ವಾನ್ ಡರ್ ಮೀರ್ ಮತ್ತು ಇಟಲಿಯ ಕಾರ್ಲೊ ರುಬ್ಬಿಯಾ ಇಬ್ಬರಿಗೂ ನೊಬೆಲ್ ಬಂದಿತ್ತು. ಮೇಷ್ಟ್ರು ಪಠ್ಯಪುಸ್ತಕವನ್ನು ಬದಿಗಿಟ್ಟು ವಾನ್ ಡರ್ ಮೀರ್ ಹಿಂದೆ ಬಿದ್ದರು. ಆ ವರ್ಷದ ಉಳಿದ ಪಾಠಗಳು ಎಲ್ಲಿ ಹೋದವೋ, ಆ ವಾರ ಮಾತ್ರ ಮನಸ್ಸಿನಲ್ಲಿ ಹಾಗೇ ಕೂತಿದೆ.

ಅದಕ್ಕೆ ನಮ್ಮ ಕಿಡಿಗೇಡಿತನವೂ ಕಾರಣ. ವಾರ್ಷಿಕೋತ್ಸವದ ತಾಲೀಮಿನಲ್ಲಿ ಮೈಕನ್ನು ಸ್ಪೀಕರಿಗೆ ಎದುರಾಗಿ ತಿರುಗಿಸಿ ವಾಲ್ಯೂಮನ್ನು ಕೊನೆಯವರೆಗೂ ಏರಿಸಿದ್ದೆವು. ಸಭಾಂಗಣವೆಲ್ಲ ಕೂಗಿಕೊಂಡಿತು. ಮೇಷ್ಟ್ರು ಬೈಯಲಿಲ್ಲ. ಮರುದಿನ ಅದೇ ಆಂಪ್ಲಿಫೈಯರ್ ತರಗತಿಯ ಮೇಜಿನ ಮೇಲಿತ್ತು. "ಆತ ಇದನ್ನೇ ಹಿಡಿದು ನೊಬೆಲ್ ತಗೊಂಡ ಕಣ್ರೋ, ಆದರೆ ಎಷ್ಟು ತಿರುಗಿಸಬೇಕು ಅಂತ ಆತನಿಗೆ ಗೊತ್ತಿತ್ತು" ಎಂದು ಬೋರ್ಡಿನ ಮೇಲೆ ಒಂದು ದೊಡ್ಡ ವೃತ್ತ ಎಳೆದರು.

ವೃತ್ತವೆಂದರೆ ಜಿನೀವಾದ ಸರ್ನ್ ಪ್ರಯೋಗಾಲಯದ ಆಂಟಿಪ್ರೋಟಾನ್ ಸಂಗ್ರಾಹಕ, ಅಂದರೆ ಪ್ರೋಟಾನಿನ ಪ್ರತಿಕಣಗಳನ್ನು ಸುತ್ತಿಸುತ್ತಾ ಕೂಡಿಡುವ ಉಂಗುರ. ಲೋಹದ ಗುರಿಗೆ 26 ಜಿಇವಿ (ಶತಕೋಟಿ ಎಲೆಕ್ಟ್ರಾನ್ ವೋಲ್ಟ್) ಶಕ್ತಿಯ ಪ್ರೋಟಾನುಗಳು ಬಡಿದರೆ, ಹತ್ತು ಲಕ್ಷಕ್ಕೂ ಹೆಚ್ಚು ಪ್ರೋಟಾನುಗಳಿಗೆ ಬಳಕೆಗೆ ಸಿಗುವುದು ಒಂದು ಆಂಟಿಪ್ರೋಟಾನ್. ಸಿಕ್ಕವೂ ಚೆಲ್ಲಾಪಿಲ್ಲಿ: ಒಂದೊಂದರ ವೇಗ ಒಂದೊಂದು, ದಿಕ್ಕು ಒಂದೊಂದು. ಇವನ್ನು ಒತ್ತಾಗಿ ಸೇರಿಸಲು, ಕಣಗಳ ಸ್ಥಾನ-ವೇಗಗಳ ಒಟ್ಟು ಹರವು ಕುಗ್ಗದು ಎನ್ನುವ ಲಿಯೂವಿಲ್ ಪ್ರಮೇಯ ಬಿಡುವುದಿಲ್ಲ ಎಂಬುದು ಬಲ್ಲವರ ತಕರಾರು. ಆದರೆ ಕಣಪುಂಜವೇನೂ ನೀರಿನಂತೆ ಎಡೆಬಿಡದ ಹರಿವಲ್ಲ, ಕಣಗಳ ನಡುವೆ ಖಾಲಿ ಜಾಗವಿದೆ. ಕಣಗಳನ್ನು ಗುರುತಿಸಬಲ್ಲ ಉಪಕರಣವಿದ್ದರೆ ಅವನ್ನು ಒಳಕ್ಕೆ ತಳ್ಳಿ ಖಾಲಿಯನ್ನು ಹೊರಕ್ಕೆ ಬಿಡಬಹುದು. ವಾನ್ ಡರ್ ಮೀರ್‌ಗೆ ಇದು ಹೊಳೆದದ್ದು 1968ರಲ್ಲಿ. ಆಗದ ಕೆಲಸವೆಂದುಕೊಂಡು ನಾಲ್ಕು ವರ್ಷ ಸುಮ್ಮನಿದ್ದು, 1972ರಲ್ಲಷ್ಟೇ ಬರೆದು ಹೊರಗಿಟ್ಟರು.

ಮೇಷ್ಟ್ರು ವೃತ್ತದ ಒಂದು ಕಡೆ ಪಿಕಪ್, ಇನ್ನೊಂದು ಕಡೆ ಕಿಕ್ಕರ್ ಎಂದು ಬರೆದು ಎರಡನ್ನೂ ನೇರವಾಗಿ ಕೂಡಿಸುವ ಒಂದು ಗೆರೆ, ಜ್ಯಾ, ಎಳೆದರು. ಪಿಕಪ್ ತನ್ನೊಳಗೆ ಹಾಯುವ ಸಣ್ಣ ಗುಂಪು ನಡುಗೆರೆಯಿಂದ ಸರಾಸರಿ ಎಷ್ಟು ಸರಿದಿದೆ ಎಂದು ಅಳೆಯುತ್ತದೆ. ಸಂಕೇತ ಆಂಪ್ಲಿಫೈಯರ್ ದಾಟಿ ಜ್ಯಾದ ಮೇಲೆ ಓಡುತ್ತದೆ. ಕಣಗಳು ಬೆಳಕಿನ ವೇಗಕ್ಕೆ ಹತ್ತಿರದಲ್ಲಿ ಓಡುವಾಗ ಕೇಬಲ್ಲಿನ ಸಂಕೇತ ಅವಕ್ಕಿಂತ ನಿಧಾನ, ಅದಕ್ಕೇ ಈ ಅಡ್ಡದಾರಿ. ಅದೇ ಗುಂಪು ಕಿಕ್ಕರ್ ತಲುಪುವ ಗಳಿಗೆಗೆ ತಿದ್ದುಪಡಿಯ ತಳ್ಳೂ ಅಲ್ಲಿರಬೇಕು. ಸಂಕೇತದ ಅರ್ಧ ಆವರ್ತದಷ್ಟು ತಡವಾದರೂ ತಳ್ಳು ತಿರುಗುಮುರುಗಾಗಿ ಪುಂಜ ಇನ್ನಷ್ಟು ಹರಡುತ್ತದೆ. ಪಿಕಪ್‌ಗೂ ಕಿಕ್ಕರಿಗೂ ನಡುವಿನ ದೂರ, ಕಣ ನಡುಗೆರೆಯ ಅತ್ತಿತ್ತ ಓಲಾಡುವ ಕಾಲು ತರಂಗದ ಬೆಸ ಅಪವರ್ತ್ಯವಾಗಿರಬೇಕು. ಪಿಕಪ್‌ನಲ್ಲಿ ತುಂಬಾ ಸರಿದಿದ್ದ ಕಣ ಕಿಕ್ಕರಿನಲ್ಲಿ ನಡುಗೆರೆ ದಾಟುತ್ತಾ ಓರೆಯಾಗಿ ಹೋಗುತ್ತಿರುತ್ತದೆ, ತಿದ್ದಬೇಕಾದ್ದು ಆ ಓರೆಯನ್ನು.

ಇಲ್ಲಿ ಅವರ ಬೆರಳು ವಾಲ್ಯೂಮ್ ನಾಬಿನ ಮೇಲೆ ಬಂತು. ಒಂದು ಕಣಕ್ಕೆ ತನ್ನದೇ ಸಂಕೇತದಿಂದ ತಿದ್ದುಪಡಿ, ಜೊತೆಯವುಗಳ ಸಂಕೇತದಿಂದ ಬರೀ ಗದ್ದಲ. ತಿದ್ದುಪಡಿಯ ಲಾಭ ಗೇನ್ (ಸಂಕೇತವನ್ನು ಎಷ್ಟು ಪಟ್ಟು ಹಿಗ್ಗಿಸುತ್ತೇವೋ ಅದು) ಏರಿದಷ್ಟೇ ಏರುತ್ತದೆ, ಗದ್ದಲದ ನಷ್ಟ ಗೇನ್‌ನ ವರ್ಗದಂತೆ ಏರುತ್ತದೆ. ಒಂದು ಹದ ಮೀರಿದರೆ ಪುಂಜವನ್ನು ತಣಿಸಲು, ಅಂದರೆ ಅದರ ಹರಡನ್ನು ಕುಗ್ಗಿಸಲು, ಹೋಗಿ ಕಾಯಿಸಿದಂತೆ. ಮೈಕ್ ಕೂಗಿದ್ದಕ್ಕೆ ಕಾರಣ ಬೇರೆ, ಅದನ್ನು ಇದಕ್ಕೆ ಬೆರೆಸಬೇಡಿ ಎಂದೂ ಎಚ್ಚರಿಸಿದರು. ಇನ್ನೊಂದು ತೊಡಕು: ಗುಂಪಿನ ಸರಾಸರಿ ಸೊನ್ನೆಯಾದ ಮೇಲೆ ಪಿಕಪ್‌ಗೆ ಕಾಣುವುದೇನೂ ಇಲ್ಲ. ವೇಗದ ಅಲ್ಪ ವ್ಯತ್ಯಾಸದಿಂದ ಕಣಗಳು ಸುತ್ತು ಸುತ್ತಿಗೆ ಬೆರೆತು ಹೊಸ ಗುಂಪಾಗಬೇಕು, ಆಗಲೇ ಮುಂದಿನ ತಿದ್ದುಪಡಿ. ಹೀಗೆ ಇಡೀ ಒಂದು ದಿನ ಕೂಡಿಟ್ಟ ಆಂಟಿಪ್ರೋಟಾನುಗಳನ್ನು ಪ್ರೋಟಾನುಗಳಿಗೆ ಎದುರಾಗಿ ಬಿಟ್ಟಾಗಲೇ, 1983ರಲ್ಲಿ, ದುರ್ಬಲ ಬಲವನ್ನು ಹೊರುವ ಡಬ್ಲ್ಯೂ ಮತ್ತು ಝಡ್ ಕಣಗಳು ಸಿಕ್ಕವು.

ಎರಡು ಪುಂಜಗಳು ಎಷ್ಟು ಸರಿಯಾಗಿ ಎದುರುಬದುರಾಗುತ್ತಿವೆ ಎಂದು ಅಳೆಯುವ ವಾನ್ ಡರ್ ಮೀರ್ ಅವರ ಉಪಾಯವೂ ಅಷ್ಟೇ ಸರಳ: ಒಂದನ್ನು ಮೆಟ್ಟಿಲು ಮೆಟ್ಟಿಲಾಗಿ ಸರಿಸುತ್ತಾ ಡಿಕ್ಕಿಗಳನ್ನು ಎಣಿಸಿ, ನಕ್ಷೆಯ ವಿಸ್ತೀರ್ಣವನ್ನು ತುದಿಯ ಎತ್ತರದಿಂದ ಭಾಗಿಸುವುದು. ಸರ್ನ್‌ನ ದೊಡ್ಡ ಡಿಕ್ಕಿಯಂತ್ರ ಎಲ್‌ಎಚ್‌ಸಿಯಲ್ಲಿ ಇದಕ್ಕೆ ವಾನ್ ಡರ್ ಮೀರ್ ಸ್ಕ್ಯಾನ್ ಎಂದೇ ಹೆಸರು.

ವಾನ್ ಡರ್ ಮೀರ್ ಹುಟ್ಟಿದ್ದು 1925ರಲ್ಲಿ ದಿ ಹೇಗ್‌ನಲ್ಲಿ, ಅವರ ತಂದೆಯೂ ಶಾಲಾ ಮೇಷ್ಟ್ರು. 1943ರಲ್ಲಿ ವಿಜ್ಞಾನದ ಪರೀಕ್ಷೆ ಮುಗಿಸಿದಾಗ ನಾಜಿ ಆಕ್ರಮಣದಿಂದ ವಿಶ್ವವಿದ್ಯಾಲಯಗಳು ಮುಚ್ಚಿದ್ದವು. ಅದೇ ಶಾಲೆಯಲ್ಲಿ ಇನ್ನೆರಡು ವರ್ಷ ಉಳಿದು, ಭೌತಶಾಸ್ತ್ರದ ಮೇಷ್ಟ್ರಿಗೆ ಪ್ರಯೋಗಗಳನ್ನು ಅಣಿಮಾಡಿಕೊಡುತ್ತಿದ್ದರು. ಮುಂದೆ ಡೆಲ್ಫ್ಟ್, ಐಂಡ್‌ಹೋವನ್ನಿನ ಫಿಲಿಪ್ಸ್, 1956ರಲ್ಲಿ ಸರ್ನ್. ಈಗಿನ ಮಕ್ಕಳ ರೆಕಾರ್ಡ್ ಪುಸ್ತಕಗಳು ಅಚ್ಚುಕಟ್ಟಾಗಿವೆ, ಉಪಕರಣವೂ ಜೋಡಿಸಿಯೇ ಬರುತ್ತದೆ. ತಂತಿ ತಪ್ಪಾಗಿ ಸಿಕ್ಕಿಸಿ ಹುಡುಕುವ ಭಾಗ್ಯ ಅವರಿಗಿಲ್ಲವೆಂದು ಸಂಕಟವಾಗುತ್ತದೆ. ನಮ್ಮ ತಂಡದಲ್ಲಿ ನಾಲ್ಕು ಮಂದಿ ಎಲೆಕ್ಟ್ರಾನಿಕ್ಸನ್ನೇ ಹಿಡಿದೆವು, ಅದು ಆ ವಾರದ ಫಲ.

ಕಳೆದ ಸ್ನೇಹಮಿಲನದಲ್ಲಿ ಪ್ರಯೋಗಾಲಯದ ಬೀರು ತೆಗೆಸಿದೆವು. ಆಂಪ್ಲಿಫೈಯರ್ ಅಲ್ಲೇ ಇದೆ. ವಾಲ್ಯೂಮ್ ನಾಬಿನ ಪಕ್ಕ, ಅರ್ಧಕ್ಕಿಂತ ತುಸು ಕೆಳಗೆ, ಮೇಷ್ಟ್ರು ಅಂದು ಎಳೆದ ಬಿಳಿ ಪೇಂಟಿನ ಗೆರೆ ಇನ್ನೂ ಅಳಿಸಿಲ್ಲ.