ಗಾಂಜಾ ಗಿಡದ ಔಷಧಿಯ ಬಗ್ಗೆ

ಶಿರಸಿಯ ಔಷಧಿ ಅಂಗಡಿಯೊಂದರಲ್ಲಿ ಮೊನ್ನೆ ತಾಯಿಯೊಬ್ಬರು ಬಹಳ ದನಿ ತಗ್ಗಿಸಿ, ಮಗನ ಮೂರ್ಛೆರೋಗಕ್ಕೆ 'ಆ ಗಿಡದ ಎಣ್ಣೆ' ಸಿಗುತ್ತದೆಯೇ ಎಂದು ವಿಚಾರಿಸುತ್ತಿದ್ದರು. ಗಾಂಜಾ ಎಂದರೆ ಗೋಕರ್ಣದ ಪೊಲೀಸ್ ದಾಳಿಯ ಸುದ್ದಿಯಷ್ಟೇ ನೆನಪಾಗುವ ನಮ್ಮ ಕಡೆಯಲ್ಲಿ ಆ ಸಂಕೋಚ ಸಹಜವೇ, ಆದರೆ ಪ್ರಶ್ನೆ ಅಸಂಬದ್ಧವಾಗಿರಲಿಲ್ಲ.

ಗಾಂಜಾದಲ್ಲಿರುವ, ಅಮಲೇರಿಸುವ ಟಿಎಚ್‌ಸಿ ಎಂಬ ಸಂಯುಕ್ತವನ್ನು ಇಸ್ರೇಲಿನ ವಿಜ್ಞಾನಿಗಳಾದ ರಫೇಲ್ ಮೆಕೌಲಂ ಮತ್ತು ಯೆಹಿಯೆಲ್ ಗವೊನಿ 1964ರಲ್ಲಿ ಶುದ್ಧರೂಪದಲ್ಲಿ ಬೇರ್ಪಡಿಸಿದರು. ಮೂರ್ಛೆಯ ವಿಷಯದಲ್ಲಿ ಭರವಸೆ ಮೂಡಿಸಿರುವುದು ಅದೇ ಗಿಡದ, ಅಮಲಿಲ್ಲದ ಸಿಬಿಡಿ ಎಂಬ ಇನ್ನೊಂದು ಸಂಯುಕ್ತ. ಡ್ರಾವೆ ಸಿಂಡ್ರೋಮ್ ಎಂಬ ಅಪರೂಪದ, ತೀವ್ರ ಅಪಸ್ಮಾರವಿದ್ದ 120 ಮಕ್ಕಳು ಹಾಗೂ ಯುವಜನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸಿಬಿಡಿ ಪಡೆದವರ ಸೆಳೆತಗಳ ಮಧ್ಯಾಂಕ ತಿಂಗಳಿಗೆ 12.4ರಿಂದ 5.9ಕ್ಕೆ ಇಳಿದರೆ, ಹುಸಿ ಔಷಧಿ ಪಡೆದವರಲ್ಲಿ 14.9 ಇದ್ದದ್ದು 14.1ರಲ್ಲೇ ನಿಂತಿತು. ಮರುವರ್ಷವೇ ಅಮೆರಿಕದಲ್ಲಿ ಎಪಿಡಯೊಲೆಕ್ಸ್ ಎಂಬ ಸಿಬಿಡಿ ಔಷಧಿಗೆ ಅನುಮತಿ ದೊರೆಯಿತು. ಹಾಗೆಂದು ಅದು ನಿರಪಾಯಕಾರಿಯಲ್ಲ: ತೂಕಡಿಕೆ, ಭೇದಿ, ಯಕೃತ್ತಿನ ಕಿಣ್ವಗಳ ಏರಿಕೆ ಕಂಡುಬಂದಿವೆ, ಮೂರ್ಛೆಗೆ ಕೊಡುವ ಕ್ಲೋಬಜಾಮ್ ಗುಳಿಗೆಯ ಜೊತೆಗಾದರೆ ಮಂಪರು ಇನ್ನೂ ಹೆಚ್ಚುತ್ತದೆ.

ಸಕ್ಕರೆ ಕಾಯಿಲೆಯಿಂದ ಕ್ಯಾನ್ಸರಿನವರೆಗೆ ಎಲ್ಲಕ್ಕೂ ಇದೇ ಮದ್ದು ಎಂದು ವಾಟ್ಸ್‌ಆ್ಯಪಿನಲ್ಲಿ ಹರಿದಾಡುವ ಪಟ್ಟಿಗೆ (ನಮ್ಮ ಕುಟುಂಬದ ಗುಂಪಿನಲ್ಲೂ ಬಂದಿದೆ) ಈ ಮಟ್ಟದ ಆಧಾರವಿಲ್ಲ. ಆನ್‌ಲೈನಿನಲ್ಲಿ ಮಾರುವ ಹೆಂಪ್ (ಅಮಲು ತೀರಾ ಕಡಿಮೆಯಿರುವ ಗಾಂಜಾ ತಳಿ) ಬೀಜದ ಎಣ್ಣೆಯಲ್ಲಂತೂ ಸಿಬಿಡಿ ಇಲ್ಲವೆನ್ನುವಷ್ಟು ಕಡಿಮೆ. ಅದನ್ನು ನಂಬಿ, ಮಗುವಿಗೆ ಈಗ ಕೊಡುತ್ತಿರುವ ಗುಳಿಗೆಯನ್ನು ಥಟ್ಟನೆ ನಿಲ್ಲಿಸಿದರೆ ಸೆಳೆತ ಉಲ್ಬಣಿಸುವ ಅಪಾಯವಿದೆ.